ಕುದಿಸದ ಕಷಾಯ

ತೊಗರಿ ಹೂ ಬಿಡುವ ಹೊತ್ತಿಗೆ ಮಸ್ಕಿ, ಲಿಂಗಸುಗೂರು ಸೀಮೆಯ ರೈತರಿಗೆ ಸಿಗುವ ಕೃಷಿ ಸಲಹೆಗಳಲ್ಲಿ ಒಂದು ಮಾತು ತಪ್ಪುವುದಿಲ್ಲ: ಕಾಯಿಕೊರಕ ಹುಳುವಿಗೆ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಿ. ಮಾಡುವ ಕ್ರಮವೂ ಜೊತೆಗೇ ಬರುತ್ತದೆ. ಸಿಪ್ಪೆ ತೆಗೆದ ಬೇವಿನ ಬೀಜ 5 ಕಿಲೊ ತೆಗೆದುಕೊಂಡು ಕುಟ್ಟಬೇಕು. ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಬೇಕು. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, ಒಟ್ಟು 100 ಲೀಟರ್ ಆಗುವಷ್ಟು ನೀರು ಸೇರಿಸಿ, ಎಲೆಗೆ ಅಂಟಿಕೊಳ್ಳಲೆಂದು ಒಂದಿಷ್ಟು ಸೋಪಿನ ಪುಡಿ ಕಲಸಬೇಕು. ಸಂಜೆ ಹೊಡೆಯಬೇಕು.

ಇಷ್ಟರಲ್ಲಿ ಎಲ್ಲಿಯೂ ಒಲೆ ಬರಲಿಲ್ಲ. ನೆಗಡಿಯಾದಾಗ ಶುಂಠಿ, ಮೆಣಸು, ಜೀರಿಗೆ ಜಜ್ಜಿ ನೀರಿಗೆ ಹಾಕಿ, ನಾಲ್ಕು ಲೋಟ ಒಂದು ಲೋಟಕ್ಕೆ ಇಳಿಯುವ ತನಕ ಕುದಿಸಿದ ಮನೆಯವರು ಇದನ್ನು ಕೇಳಿದರೆ, ‘ಕುದಿಸ್ಲಾರ್ದ ಕಷಾಯ ಹೆಂಗಾಗ್ತದರೀ?’ ಅಂದಾರು. ಅನ್ನುವುದು ನ್ಯಾಯವೇ. ನಮ್ಮ ಅಡುಗೆಮನೆಗಳಲ್ಲಿ ಕಷಾಯಕ್ಕೂ ಕುದಿತಕ್ಕೂ ಬಿಡಿಸಲಾರದ ನಂಟು. 2020ರಲ್ಲಿ ಕೊರೊನಾ ಬಂದಾಗ ಆಯುಷ್ ಸಚಿವಾಲಯ ಹೇಳಿದ ತುಳಸಿ, ದಾಲ್ಚಿನ್ನಿ, ಶುಂಠಿ, ಮೆಣಸಿನ ‘ಆಯುಷ್ ಕ್ವಾಥ’ವನ್ನು ಕನ್ನಡದ ಮನೆಗಳು ಕಷಾಯವೆಂದೇ ಕರೆದು ದಿನಕ್ಕೆರಡು ಸಲ ಕುದಿಸಿದವು. ಹಾಗಾದರೆ ಕೃಷಿ ವಿಜ್ಞಾನಿಗಳು ‘ದ್ರಾವಣ’ ಎನ್ನಬೇಕಾದಲ್ಲಿ ಬಾಯಿಗೆ ಬಂದ ಪದ ಬಳಸಿಬಿಟ್ಟರೇ? ಪದದ ಬೆನ್ನು ಹತ್ತಿ ಹೋದರೆ ಉತ್ತರ ಬೇರೆಯೇ ಸಿಗುತ್ತದೆ.

ಕಷಾಯ ಸಂಸ್ಕೃತದಿಂದ ಬಂದದ್ದು. ಉಜ್ಜು, ತಿಕ್ಕು ಎಂಬರ್ಥದ ‘ಕಷ್’ ಧಾತುವಿಗೆ ಅದನ್ನು ಸೇರಿಸುವುದು ವಾಡಿಕೆ. ಆಯುರ್ವೇದ ಎಣಿಸುವ ಆರು ರುಚಿಗಳಲ್ಲಿ ಕೊನೆಯದರ ಹೆಸರೇ ಕಷಾಯ. ಕನ್ನಡದಲ್ಲಿ ಅದಕ್ಕೆ ‘ಒಗರು’ ಎಂಬ ಸೊಗಸಾದ ಪದ ಇದೆ. ಎಳೆಯ ಪೇರಲ, ಬಾಳೆಕಾಯಿ, ಅಳಲೆಕಾಯಿ ಕಚ್ಚಿದಾಗ ನಾಲಿಗೆ ಒರಟಾಗಿ ಹಿಡಿದುಕೊಂಡ ಹಾಗಾಗುತ್ತದಲ್ಲ, ಅದು. ಇದರ ಹಿಂದಿರುವ ವಸ್ತು ಟ್ಯಾನಿನ್. ಜೊಲ್ಲಿನಲ್ಲಿ ನಾಲಿಗೆಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಟ್ಯಾನಿನ್ ಅವುಗಳಿಗೆ ಅಂಟಿಕೊಂಡು ಅವನ್ನು ಒತ್ತರಿಸಿಬಿಡುತ್ತದೆ, ನುಣುಪು ಹೋಗುತ್ತದೆ. ರುಚಿ ಎನ್ನುತ್ತೇವಾದರೂ ಒಗರು ನಿಜಕ್ಕೂ ಸ್ಪರ್ಶಕ್ಕೆ ಸೇರಿದ್ದು. ‘ತಿಕ್ಕು’ ಎಂಬ ಧಾತುವಿನ ಊಹೆ ಸರಿಯಿದ್ದರೆ, ಹೆಸರಿಟ್ಟವರ ನಾಲಿಗೆಗೆ ಇದು ಆಗಲೇ ಗೊತ್ತಿತ್ತು ಅನ್ನಬೇಕು.

ಇದೇ ಅಂಟುವ ಗುಣ ತೊಗಲಿನ ಮೇಲೂ ಕೆಲಸ ಮಾಡುತ್ತದೆ. ಲಿಂಗಸುಗೂರಿನ ಕಲ್ಲುಗುಡ್ಡಗಳ ಒಣ ನೆಲದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡದ ತೊಗಟೆ ದಕ್ಷಿಣ ಭಾರತದ ಚರ್ಮ ಹದಮಾಡುವವರಿಗೆ ಬಹುಕಾಲ ಮುಖ್ಯ ಸಾಮಗ್ರಿಯಾಗಿತ್ತು. ತೊಗಟೆಯ ಟ್ಯಾನಿನ್ ಹಸಿ ತೊಗಲಿನ ಪ್ರೋಟೀನಿಗೆ ಕಟ್ಟಿಕೊಂಡ ಮೇಲೆ ಅದು ಕೊಳೆಯುವುದಿಲ್ಲ. ಹತ್ತಿ ಬಟ್ಟೆಗೆ ಬಣ್ಣ ಹಾಕುವವರು ಮೊದಲು ಅಳಲೆಕಾಯಿ ನೀರಿನಲ್ಲಿ ಬಟ್ಟೆ ಅದ್ದುವುದೂ ಇದಕ್ಕೇ. ಟ್ಯಾನಿನ್ ನೂಲನ್ನು ಹಿಡಿಯುತ್ತದೆ, ಬಣ್ಣ ಟ್ಯಾನಿನ್ನನ್ನು ಹಿಡಿಯುತ್ತದೆ. ರುಚಿಯ ಹೆಸರು ಬಣ್ಣದ ಹೆಸರಾದದ್ದು ಈ ದಾರಿಯಲ್ಲಿ ಎಂದು ನನ್ನ ಎಣಿಕೆ. ತೊಗಟೆ, ಬೇರು ಬೇಯಿಸಿದ ಒಗರು ನೀರಿನಲ್ಲಿ ಅದ್ದಿ ತೆಗೆದ, ಮಾಸಲು ಕೆಂಪಿನ ಬಟ್ಟೆ ‘ಕಾಷಾಯ’ವಾಯಿತು. (ನಾವು ಹೇಳುವ ‘ಕಾವಿ’ ಇದರಿಂದ ಬಂದದ್ದಲ್ಲ. ಅದು ಕೆಮ್ಮಣ್ಣಿಗೆ ತಮಿಳು, ತೆಲುಗಿನಲ್ಲೂ ಇರುವ ಪದ.)

ಮಸ್ಕಿಯ ಮಾತು ಇಲ್ಲಿ ಬರಲೇಬೇಕು. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಚಿನ್ನದ ಹುಡುಕಾಟದಲ್ಲಿದ್ದಾಗ ಅಲ್ಲಿನ ಗುಡ್ಡದ ಬಂಡೆಯ ಮೇಲೆ ಕಂಡ ಬರಹ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಕೊಟ್ಟ ಮೊದಲ ಶಾಸನ. ಅದರಲ್ಲಿ ಅರಸ ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಕಳೆದದ್ದನ್ನೂ ಸಂಘದ ಹತ್ತಿರ ಹೋದದ್ದನ್ನೂ ಹೇಳಿಕೊಂಡಿದ್ದಾನೆ. ಆ ಸಂಘ ಉಟ್ಟದ್ದು ಕಷಾಯ ಬಣ್ಣದ ಬಟ್ಟೆಯನ್ನು. ಪಾಲಿ ವಿನಯಪಿಟಕದ ಮಹಾವಗ್ಗದಲ್ಲಿ ಭಿಕ್ಷುಗಳಿಗೆ ಆರು ಬಗೆಯ ಬಣ್ಣಗಳಿಗೆ ಅನುಮತಿ ಇದೆ: ಬೇರು, ಕಾಂಡ, ತೊಗಟೆ, ಎಲೆ, ಹೂ, ಹಣ್ಣಿನವು. ತಣ್ಣೀರಿನಲ್ಲಿ ಬಣ್ಣ ಮಾಡಿದ ಚೀವರ ನಾತ ಹೊಡೆಯುತ್ತಿತ್ತಂತೆ, ಆಗ ಗಡಿಗೆಯಲ್ಲಿ ಬಣ್ಣವನ್ನು ಕುದಿಸಿಕೊಳ್ಳಬಹುದು ಎಂದಾಯಿತು. ಬೆಂದಿತೋ ಇಲ್ಲವೋ ತಿಳಿಯಲು ಒಂದು ಹನಿಯನ್ನು ನೀರಿಗೋ ಉಗುರಿನ ಮೇಲಕ್ಕೋ ಬಿಟ್ಟು ನೋಡಬೇಕು. ಬೆಲ್ಲದ ಪಾಕ ನೋಡಿದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಅದೇ ಮಹಾವಗ್ಗದ ಔಷಧಗಳ ಅಧ್ಯಾಯದಲ್ಲಿ ಭಿಕ್ಷುಗಳು ಇಟ್ಟುಕೊಳ್ಳಬಹುದಾದ ಐದು ‘ಕಸಾವ’ಗಳ ಹೆಸರಿವೆ. ಪಟ್ಟಿಯಲ್ಲಿ ಮೊದಲನೆಯದು ಬೇವು. ಕೊನೆಯದು ನತ್ತಮಾಲ, ಅಂದರೆ ನಮ್ಮ ಹೊಂಗೆ. ಇಂದಿಗೂ ಸಿಂಧನೂರಿನ ಹೊಲದ ಬದುಗಳಲ್ಲಿ ನೆರಳಿಗೆ ನಿಂತ ಮರಗಳು ಹೆಚ್ಚಾಗಿ ಇವೇ ಎರಡು. ‘ಬೇವಿನ ಕಷಾಯ’ ಎಂಬ ಜೋಡಿ ಕೃಷಿ ಇಲಾಖೆ ಕಟ್ಟಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನನಗೆ ಬೇಕಿಲ್ಲ. ಪಾಲಿಯ ಕಸಾವದಂತೆಯೇ ನಮ್ಮ ಹಳ್ಳಿಯ ಬಾಯಲ್ಲೂ ಅದು ‘ಕಸಾಯ’ವೇ. ಹಾಗೆಂದು ಅಶೋಕನ ಕಾಲದಿಂದ ಉಳಿದು ಬಂತೆಂದು ಹಿಗ್ಗಬೇಕಿಲ್ಲ, ಷಕಾರ ಸಕಾರವಾಗುವುದು ಕನ್ನಡದ ತದ್ಭವಗಳ ಮಾಮೂಲು ಜಾಯಮಾನ. ಕಸಾಯಿಖಾನೆಯ ‘ಕಸಾಯಿ’ಗೂ ಇದಕ್ಕೂ ಸಂಬಂಧವಿಲ್ಲ, ಅದು ಅರಬ್ಬಿಯ ಕಡೆಯದು.

ಬಟ್ಟೆಗೆ ಹತ್ತಿದ್ದು ಮನಸ್ಸಿಗೂ ಹತ್ತಿತು. ಧಮ್ಮಪದದಲ್ಲಿ ಈ ಪದದ ಮೇಲೆ ಒಂದು ಶ್ಲೇಷೆ ಇದೆ: ಒಳಗಿನ ಕಸಾವ ಕಳೆಯದವನು ಹೊರಗೆ ಕಾಸಾವ ಉಡಲು ಯೋಗ್ಯನಲ್ಲ ಎಂಬ ಅರ್ಥದ್ದು. ಕಲೆ, ಕೊಳೆ ಎಂಬ ಈ ಅರ್ಥವನ್ನು ಜೈನರು ಶಾಸ್ತ್ರವನ್ನಾಗಿಯೇ ಮಾಡಿದರು. ಕ್ರೋಧ, ಮಾನ, ಮಾಯೆ, ಲೋಭ ಇವು ನಾಲ್ಕು ಕಷಾಯಗಳು. ಜೀವಕ್ಕೆ ಕರ್ಮ ಅಂಟಿಕೊಳ್ಳುವುದು ಇವುಗಳ ಜಿಗುಟಿನಿಂದ. ಬಣ್ಣಗಾರನ ಬಟ್ಟಲಿನ ಟ್ಯಾನಿನ್ ಮಾಡುವ ಕೆಲಸವನ್ನೇ ಆತ್ಮದಲ್ಲಿ ಇವು ಮಾಡುತ್ತವೆ. ಸಿಂಧನೂರಿನ ಪಡುವಣಕ್ಕಿರುವ ಕೊಪ್ಪಳ 1997ರವರೆಗೂ ರಾಯಚೂರು ಜಿಲ್ಲೆಯದೇ ಆಗಿತ್ತು. ಹಿಂದಿನ ಕೊಪಣ, ಜೈನರ ಮಹಾತೀರ್ಥ. ಅಲ್ಲಿಯ ಗುಡ್ಡಗಳಲ್ಲಿ ಸಲ್ಲೇಖನ ಹಿಡಿದವರು ಸಣ್ಣಗೆ ಮಾಡಬೇಕಿದ್ದುದು ಎರಡನ್ನು: ಕಾಯವನ್ನು ಮತ್ತು ಕಷಾಯವನ್ನು. ಇದೇ ಜೈನರಲ್ಲಿ ದೊಡ್ಡ ವೈದ್ಯರೂ ಇದ್ದರು. ಮದ್ಯ, ಮಾಂಸ, ಜೇನು ಮೂರನ್ನೂ ಬಿಟ್ಟು ‘ಕಲ್ಯಾಣಕಾರಕ’ ಬರೆದ ಉಗ್ರಾದಿತ್ಯ, ವಿಷವೈದ್ಯಕ್ಕೆ ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ ಬರೆದ ಮಂಗರಾಜ. ಬಿಡಬೇಕಾದ ಕಷಾಯವೂ ಕುಡಿಯಬೇಕಾದ ಕಷಾಯವೂ ಒಂದೇ ಮತದ ಓಲೆಗರಿಗಳಲ್ಲಿ ಅಕ್ಕಪಕ್ಕ ಇದ್ದವು. ಓದುವವರಿಗೆ ಗೊಂದಲವೇನೂ ಆದಂತಿಲ್ಲ.

ಈಗ ಕುದಿಸುವ ಪ್ರಶ್ನೆಗೆ ಮರಳೋಣ. ಚರಕಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯ ಈ ಪದದ ಬದುಕಿನಲ್ಲಿ ದೊಡ್ಡ ತಿರುವು. ಅಲ್ಲಿ ಚರಕ ಕಷಾಯ ಮಾಡುವ ಐದು ವಿಧ ಹೇಳುತ್ತಾನೆ. ಹಸಿ ಗಿಡ ಹಿಂಡಿದ ರಸ ಸ್ವರಸ. ಅರೆದ ಮುದ್ದೆ ಕಲ್ಕ. ನೀರಲ್ಲಿ ಕುದಿಸಿದ್ದು ಶೃತ, ಮುಂದೆ ಕ್ವಾಥವೆಂದು ಹೆಸರಾದದ್ದು. ತಣ್ಣೀರಿನಲ್ಲಿ ರಾತ್ರಿ ನೆನೆಸಿದ್ದು ಶೀತ. ಬಿಸಿನೀರಲ್ಲಿ ಹಾಕಿ ಕಿವುಚಿ ಸೋಸಿದ್ದು ಫಾಂಟ. ಐದೂ ಕಷಾಯಗಳೇ, ಕುದಿಯುವುದು ಅವುಗಳಲ್ಲಿ ಒಂದು ಮಾತ್ರ. ಅಂದರೆ ಚರಕನ ಮಟ್ಟಿಗೆ ಕಷಾಯವೆಂದರೆ ಗಿಡದಿಂದ ಹೊರಗೆಳೆದ ಸತ್ವ, ಎಳೆದ ದಾರಿ ಯಾವುದಾದರೂ ಸರಿ.

ಅದೇ ಅಧ್ಯಾಯದ ಇನ್ನೊಂದು ಮಾತು ನನಗೆ ಬಹಳ ಇಷ್ಟ. ಆರು ರುಚಿಗಳಲ್ಲಿ ಉಪ್ಪೊಂದನ್ನು ಬಿಟ್ಟು ಉಳಿದ ಐದು ಕಷಾಯಕ್ಕೆ ಮೂಲ ಎಂದು ಹೇಳಿ, ಅವನ್ನು ಹೆಸರಿಸುತ್ತಾನೆ: ಮಧುರಕಷಾಯ, ಅಮ್ಲಕಷಾಯ, ಕಟುಕಷಾಯ, ತಿಕ್ತಕಷಾಯ, ಕೊನೆಗೆ ಕಷಾಯಕಷಾಯ! ಒಗರಿನ ಹೆಸರು ಔಷಧದ ಹೆಸರಾಗಿ ಎಷ್ಟು ದೂರ ಬಂದಿತ್ತೆಂದರೆ, ಒಗರಾದ ಔಷಧವನ್ನು ಹೇಳಲು ಪದವನ್ನು ಎರಡು ಸಲ ಉಚ್ಚರಿಸಬೇಕಾಯಿತು. ಉಪ್ಪನ್ನು ಬಿಟ್ಟದ್ದೇಕೆಂಬುದು ಊಹಿಸಲು ಕಷ್ಟವಲ್ಲ. ಉಪ್ಪು ಪೂರ್ತಿ ಕರಗಿಹೋಗುತ್ತದೆ. ಹಿಂಡಲು, ಸೋಸಲು, ಗಸಿಯಾಗಿ ಬಿಸಾಡಲು ಏನೂ ಉಳಿಯುವುದಿಲ್ಲ. ಗಸಿ ಉಳಿಯದ್ದು ಕಷಾಯವಲ್ಲ.

ಹಾಗಾಗಿ ಬೇವಿನ ಬೀಜವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿಂಡುವ ರೈತ ಮಾಡುವುದು ಅಚ್ಚುಕಟ್ಟಾದ ಶೀತಕಷಾಯ. ಅಡುಗೆಮನೆ ಪದವನ್ನು ಕುಗ್ಗಿಸಿತ್ತು, ಹೊಲ ಅದರ ಹಳೆಯ ಹರವನ್ನು ಮರಳಿಸಿತು. ಇದೇ ಸೀಮೆಗೆ 1956ರವರೆಗೆ ಹೈದರಾಬಾದಿನ ಆಡಳಿತ ಇತ್ತು, ಯುನಾನಿ ಹಕೀಮರ ಮಾತುಗಳ ಪರಿಚಯವೂ ಇತ್ತು. ಅವರಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು: ಕುದಿಸಿದ್ದು ಜೋಶಾಂದಾ, ನೆನೆಸಿದ್ದು ಖಿಸಾಂದಾ. ಪಾರಸಿಯ ಈ ಸ್ಪಷ್ಟತೆ ಕನ್ನಡಕ್ಕೆ ದಕ್ಕಲಿಲ್ಲ. ಇಂಗ್ಲಿಷಿನಿಂದ ಬಂದ ಡಿಕಾಕ್ಷನ್ ಅಂತೂ ತದ್ವಿರುದ್ಧ ಓಡಿತು. ಅದರ ಮೂಲಾರ್ಥ ಕುದಿಸಿ ಇಳಿಸುವುದು. ನಮ್ಮ ಕಾಫಿ ಫಿಲ್ಟರಿನಲ್ಲಿ ಅದು ಕುದಿಯುವುದೇ ಇಲ್ಲ, ತೊಟ್ಟಿಕ್ಕುತ್ತದೆ. ಚರಕನ ಲೆಕ್ಕದಲ್ಲಿ ಫಾಂಟ.

ಬೇವಿನ ಬೀಜಕ್ಕೆ ಒಲೆ ಏಕೆ ಬೇಡ ಎಂಬುದಕ್ಕೆ ರಸಾಯನಶಾಸ್ತ್ರದ ಉತ್ತರ ಬಂದದ್ದು ಇತ್ತೀಚೆಗೆ. ಸಲೀಮುಜ್ಜಮಾನ್ ಸಿದ್ದೀಕಿ 1942ರಲ್ಲಿ ಬೇವಿನೆಣ್ಣೆಯಿಂದ ನಿಂಬಿನ್ ಮೊದಲಾದ ಕಹಿ ವಸ್ತುಗಳನ್ನು ಬೇರ್ಪಡಿಸಿದರು. ಹುಳುವಿನ ಮೇಲೆ ನಿಜವಾಗಿ ಕೆಲಸ ಮಾಡುವ ಅಜಾಡಿರಾಕ್ಟಿನ್ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಕೈಗೆ ಸಿಕ್ಕದ್ದು 1968ರಲ್ಲಿ. ಅದರ ರಚನೆ ಎಷ್ಟು ಜಟಿಲವೆಂದರೆ, ಕೇಂಬ್ರಿಜ್‌ನ ಸ್ಟೀವನ್ ಲೇ ಮತ್ತು ಸಂಗಡಿಗರು ಅದನ್ನು ಪ್ರಯೋಗಾಲಯದಲ್ಲಿ ಕಟ್ಟಿ ಮುಗಿಸಿದ್ದು 2007ಕ್ಕೆ, 22 ವರ್ಷ ದುಡಿದು. ಈ ವಸ್ತು ಹುಳುವಿಗೆ ಎಲೆಯನ್ನು ಬೇಡವಾಗಿಸುತ್ತದೆ, ತಿಂದರೂ ಪೊರೆ ಕಳಚಲು ಬಿಡುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಇದು ಕಾಲು ಗ್ರಾಮಿನಷ್ಟೇ ಕರಗುವುದು, ಆದರೆ ಹುಳುವಿಗೆ ಅಷ್ಟು ಬೇಕಾದಷ್ಟಾಯಿತು. ಬಿಸಿಗೂ ಬಿಸಿಲಿಗೂ ಕ್ಷಾರಕ್ಕೂ ಮುರಿದುಹೋಗುತ್ತದೆ. ಕುದಿಸಬೇಡಿ, ಸಂಜೆ ಹೊಡೆಯಿರಿ, ಮಾಡಿದ್ದನ್ನು ಅಂದೇ ಮುಗಿಸಿ ಎನ್ನುವ ಸಲಹೆಗಳೆಲ್ಲ ಇದರಿಂದ ಬಂದವು. ತೊಗಟೆಯ ಟ್ಯಾನಿನ್ ಬಿಸಿನೀರಿಗೆ ಚೆನ್ನಾಗಿ ಬಿಟ್ಟುಕೊಡುತ್ತದೆ, ಬೀಜದ ಅಜಾಡಿರಾಕ್ಟಿನ್ ತಣ್ಣೀರಿನಲ್ಲಿ ಬಾಳುತ್ತದೆ. ಐದು ವಿಧಗಳ ಅಗತ್ಯ ಇಲ್ಲೇ ಇದೆ.

ಕಾರ್ಖಾನೆಯ ಸಾಮಾನ್ಯ ಹಾದಿ ಬೇರೆ. ಬೀಜದ ಎಣ್ಣೆಯನ್ನು ಹೆಕ್ಸೇನ್‌ನಿಂದ ತೆಗೆದು, ಉಳಿದ ಹಿಂಡಿಯನ್ನು ಮೆಥನಾಲ್‌ನಲ್ಲಿ ನೆನೆಸಿ, ಮೆಥನಾಲನ್ನು ಆವಿ ಮಾಡಿ ಸತ್ವ ಉಳಿಸಿಕೊಳ್ಳುವುದು. ಸಿಂಧನೂರಿನಂಥ ಕಾಲುವೆ ನೀರಿನ ಭತ್ತದ ಊರಿನಲ್ಲಿ ಅದು ಬಾಟಲಿಯಾಗಿ ಅಂಗಡಿಗೆ ಬರುತ್ತದೆ, ಮೇಲೆ 1500 ಪಿಪಿಎಂ, 10000 ಪಿಪಿಎಂ ಎಂದು ಬರೆದುಕೊಂಡು. ಅಜಾಡಿರಾಕ್ಟಿನ್ ಎಂಬ ಬಾಯಿಗೆ ತಿರುಗದ ಹೆಸರೊಳಗೆ ಇರುವುದು ಪಾರಸಿಯ ‘ಆಜಾದ್ ದರಖ್ತ್’, ಬೇವಿನ ಸಸ್ಯಶಾಸ್ತ್ರೀಯ ಹೆಸರಿನ ಮೂಲಕ ಬಂದದ್ದು. ಉರ್ದು ಕಿವಿಗೆ ಬಿದ್ದ ರಾಯಚೂರಿನವರಿಗೆ ಬಿಡಿಸಿ ಹೇಳಿದರೆ ಪರಿಚಯದ ಮಾತೇ. ಆದರೆ ಬಾಟಲಿಯಲ್ಲಿರುವುದನ್ನು ಯಾರೂ ಕಷಾಯ ಎನ್ನುವುದಿಲ್ಲ. ಈ ಕಡೆ ಹೊಲಕ್ಕೆ ಹೊಡೆಯುವುದೆಲ್ಲ ‘ಎಣ್ಣಿ’. ಕೊಂಡು ತಂದದ್ದು ಎಣ್ಣಿ, ಮನೆಯಲ್ಲಿ ಮಾಡಿದ್ದು ಕಷಾಯ ಎಂಬ ಹೊಸ ಗೆರೆಯೊಂದು ಬಿದ್ದಿದೆ. ಮೆಥನಾಲ್‌ನಲ್ಲಿ ನೆನೆಸಿದ್ದೂ ಚರಕನ ಕಣ್ಣಿಗೆ ಕಷಾಯವೇ ಆದೀತೇನೋ, ಪದ ಮಾತ್ರ ಅತ್ತ ಹೋಗಲು ಒಪ್ಪಿಲ್ಲ.

ಇನ್ನೊಂದು ದಿಕ್ಕಿಗೆ ಅದು ಆಗಲೇ ಚರಕನನ್ನು ದಾಟಿದೆ. ನೈಸರ್ಗಿಕ ಕೃಷಿಯವರ ‘ದಶಪರ್ಣಿ ಕಷಾಯ’ದಲ್ಲಿ ಬೇವು, ಹೊಂಗೆ, ಲಕ್ಕಿ, ಎಕ್ಕೆ ಮೊದಲಾದ ಹತ್ತು ಗಿಡಗಳ ಸೊಪ್ಪನ್ನು ಗಂಜಲ, ಸಗಣಿಯ ಜೊತೆ ಡ್ರಮ್ಮಿನಲ್ಲಿ ಹಾಕಿ, ದಿನಾ ಕೋಲಿನಿಂದ ತಿರುವುತ್ತ ವಾರಗಟ್ಟಲೆ ಕೊಳೆಸುತ್ತಾರೆ. ಹೀಗೆ ಹುಳಿಸಿದ್ದಕ್ಕೆ ಆ ಐದರಲ್ಲಿ ಜಾಗವಿಲ್ಲ, ಆಯುರ್ವೇದ ಅಂಥದ್ದನ್ನು ಆಸವ, ಅರಿಷ್ಟ ಎಂದು ಬೇರೆ ಸಾಲಿನಲ್ಲಿ ಕೂರಿಸುತ್ತದೆ. ಆದರೂ ‘ದಶಪರ್ಣಿ ಆಸವ’ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಕಷಾಯ ಎಂದೇ, ಷಕಾರಕ್ಕೆ ಒಮ್ಮೊಮ್ಮೆ ಸಕಾರ ಹಾಕಿ.