ಜಪಾನಿನ ವಿಮೋಚನಾ ಶಾಸನವೂ ಕುಟುಂಬ ದಾಖಲೆಯೂ

ಹುಟ್ಟಿನಿಂದ ಬರುವ ಅಸ್ಪೃಶ್ಯತೆ ಭಾರತದ ಹೊರಗೆಲ್ಲಿಯೂ ಇಲ್ಲವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಜಪಾನಿನ ಇತಿಹಾಸವನ್ನು ಮೇಯಿಜಿ ಯುಗದ ರೈಲು, ಕಾರ್ಖಾನೆ, ನೌಕಾಬಲಗಳಿಗೆ ಸೀಮಿತಗೊಳಿಸಿ ಬೋಧಿಸುವ ನಮ್ಮ ಪದ್ಧತಿಯೂ ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣವೆನ್ನಬೇಕು. ತೊಕುಗಾವ ಆಳ್ವಿಕೆಯಲ್ಲಿ (1603-1868) ಆ ದೇಶದ ಎತಾ ಮತ್ತು ಹಿನಿನ್ ಎಂಬ ವರ್ಗಗಳವರು ಸಮಾಜದ ಎಲ್ಲೆಯಾಚೆಗಿದ್ದರು. ಸತ್ತ ದನಗಳ ವಿಲೇವಾರಿ, ತೊಗಲು ಹದಮಾಡುವುದು, ವಧಾಸ್ಥಾನದ ಚಾಕರಿ ಮುಂತಾದವು ಅವರ ಪಾಲಿಗೆ ಬಂದ ಕಸುಬುಗಳು. ಹಿನಿನ್ ಎಂದರೆ 'ಮನುಷ್ಯನಲ್ಲದವನು' ಎಂದರ್ಥ.

ಈ ಪ್ರಸಂಗವನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನು, "ಅವರನ್ನು ಗುರುತಿಸುತ್ತಿದ್ದುದು ಹೇಗೆ?" ಎಂದು ಕೇಳಿದನು. ಪ್ರಶ್ನೆ ಮಾರ್ಮಿಕವಾದುದು. ಅವರು ಬೇರೆ ಜನಾಂಗದವರಲ್ಲ. ಮುಖಲಕ್ಷಣ, ಭಾಷೆ, ಮತ ಯಾವುದರಲ್ಲಿಯೂ ನೆರೆಯವರಿಂದ ಭಿನ್ನರಲ್ಲ. ಅವರ ಗುರುತೆಲ್ಲ ವಾಸದ ಕೇರಿಯಲ್ಲಿ ಮತ್ತು ಬರೆದಿಟ್ಟ ಕಾಗದದಲ್ಲಿ ಅಡಗಿದೆ.

1871ರ ಶಾಸನವು ಈ ಎರಡು ಹೆಸರುಗಳನ್ನು ರದ್ದುಗೊಳಿಸಿ, ಅಂತಸ್ತಿನಲ್ಲಿಯೂ ವೃತ್ತಿಯಲ್ಲಿಯೂ ಅವರು ಸಾಮಾನ್ಯ ಪ್ರಜೆಗಳಿಗೆ ಸಮಾನರೆಂದು ಸಾರಿತು. ಆದರೆ ಮರುವರ್ಷವೇ ಸಿದ್ಧವಾದ ಕುಟುಂಬ ದಾಖಲೆಯಲ್ಲಿ ಹಲವೆಡೆ ಅಧಿಕಾರಿಗಳು 'ಹೊಸ ಪ್ರಜೆ' ಎಂದೋ 'ಹಿಂದೆ ಎತಾ' ಎಂದೋ ನಮೂದಿಸಿದರು. ಒಂದು ಕೈ ಅಳಿಸಿದುದನ್ನು ಇನ್ನೊಂದು ಕೈ ಬರೆಯಿತು. ಚರ್ಮದ ವ್ಯಾಪಾರದಲ್ಲಿ ಆ ಜನರಿಗಿದ್ದ ಏಕಸ್ವಾಮ್ಯವಾದರೋ ಕೈಬಿಟ್ಟುಹೋಯಿತು. ಅದಕ್ಕೆ ಬದಲಾಗಿ ಭೂಮಿಯಾಗಲಿ ಬಂಡವಾಳವಾಗಲಿ ದೊರೆಯಲಿಲ್ಲ. 1873ರಲ್ಲಿ ಮಿಮಾಸಾಕ ಪ್ರಾಂತದ ರೈತರು ಕಡ್ಡಾಯ ಸೈನ್ಯಸೇವೆಯ ವಿರುದ್ಧ ದಂಗೆಯೆದ್ದಾಗ, ಅವರ ಕೋಪ ಈ ಕೇರಿಗಳ ಮೇಲೆಯೂ ತಿರುಗಿತು. ನೂರಾರು ಮನೆಗಳು ಸುಟ್ಟುಹೋದವು, ಪ್ರಾಣಹಾನಿಯೂ ಆಯಿತು. ಮೊದಲಿನಂತೆಯೇ ತಗ್ಗಿ ನಡೆಯುವೆವೆಂದು ಅವರಿಂದ ಕ್ಷಮಾಪಣಾಪತ್ರಗಳನ್ನು ಬರೆಸಿಕೊಳ್ಳುವ ಪ್ರಯತ್ನವೂ ನಡೆಯಿತು. ಇಲ್ಲಿಯೂ ಕಾಗದವೇ!

1922ರ ಮಾರ್ಚ್ 3ರಂದು ಕ್ಯೋಟೋ ನಗರದಲ್ಲಿ ಸ್ಥಾಪಿತವಾದ ಸುಯಿಹೇಯಿಶಾ ಸಂಸ್ಥೆ ತನ್ನವರನ್ನು ಅವಹೇಳನಕ್ಕೆ ಗುರಿಯಾದ ಹೆಸರಿನಿಂದಲೇ ಅಭಿಮಾನದಿಂದ ಸಂಬೋಧಿಸಿತು. ಯುದ್ಧಾನಂತರದ ಸಂವಿಧಾನ ಸಮಾನತೆಯನ್ನು ವಿಧಿಸಿತು; 1969ರ ವಿಶೇಷ ಕಾಯಿದೆಯಿಂದ ಕೇರಿಗಳಿಗೆ ಮನೆ, ರಸ್ತೆ, ಶಾಲೆಗಳು ಬಂದವು. ಆದರೂ 1872ರ ದಾಖಲೆಗಳನ್ನು ಸಾರ್ವಜನಿಕರ ಕಣ್ಣಿನಿಂದ ಮುಚ್ಚಿಟ್ಟುದು 1968ರಲ್ಲಿ, ಎಂದರೆ ಸುಮಾರು ಒಂದು ಶತಮಾನದ ಮೇಲೆ. ಅಷ್ಟರಿಂದಲೂ ತೊಂದರೆ ತಪ್ಪಲಿಲ್ಲ. ಕೇರಿಗಳ ಹೆಸರು, ವಿಳಾಸಗಳ ಪಟ್ಟಿಯನ್ನು ಗುಟ್ಟಾಗಿ ಅಚ್ಚುಹಾಕಿ ಮಾರುತ್ತಿದ್ದುದೂ, ನೌಕರಿಗೆ ಅರ್ಜಿ ಹಾಕಿದವರ ಹುಟ್ಟನ್ನು ತಿಳಿಯಲು ಕಂಪನಿಗಳು ಅದನ್ನು ಕೊಳ್ಳುತ್ತಿದ್ದುದೂ 1975ರಲ್ಲಿ ಬಯಲಾದವು. ವಿವಾಹಸಂಬಂಧಕ್ಕೆ ಮೊದಲು ಪತ್ತೇದಾರರಿಂದ ವಿಚಾರಣೆ ಮಾಡಿಸುವ ರೂಢಿಯಂತೂ ಬೇರೆಯೇ ಇತ್ತು.

ಇದರೊಡನೆ ನಮ್ಮ ಮೈಸೂರು ಸಂಸ್ಥಾನವನ್ನು ಹೋಲಿಸಿ ನೋಡಬಹುದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿಗೆ ಜಾತಿವಾರು ಅಂಕಿಅಂಶಗಳೇ ಆಧಾರವಾಗಿದ್ದವು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲೂ ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಅದು ಸೂಚಿಸಿತು. ಬ್ರಾಹ್ಮಣೇತರರೆಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದುದರಿಂದ ಅಸ್ಪೃಶ್ಯರ ಪಾಲು ಮರೆಯಾಗುವ ಅಪಾಯವಿತ್ತೆಂಬುದು ನನ್ನ ಅಭಿಪ್ರಾಯ; ಆದರೂ ಜಾತಿಯನ್ನು ಎಣಿಸದೆ ಅನ್ಯಾಯವನ್ನು ಅಳೆಯುವ ಬೇರೆ ಮಾರ್ಗ ಸಮಿತಿಯ ಮುಂದಿರಲಿಲ್ಲ. ನಮ್ಮಲ್ಲಿ ಹಕ್ಕಿನ ಸಾಧನವಾದ ದಾಖಲೆ ಅಲ್ಲಿ ಬೇಟೆಯ ಸಾಧನವಾಯಿತು. ನಮ್ಮ ಹಳ್ಳಿಯಲ್ಲಿ ಜಾತಿಯನ್ನು ಬಚ್ಚಿಡುವುದು ದುಸ್ಸಾಧ್ಯವಾದುದರಿಂದ ಅದನ್ನು ಬರೆದುಕೊಂಡರೆ ಹೆಚ್ಚಿನ ನಷ್ಟವಿಲ್ಲ. ಜಪಾನಿನ ನಗರದಲ್ಲಿ ಬರವಣಿಗೆಯೊಂದೇ ಗುಟ್ಟನ್ನು ಹೊರಗೆಡಹುತ್ತದೆ.

ವಿಶೇಷ ಕ್ರಮಗಳು 2002ರಲ್ಲಿ ಮುಗಿದವು. ಬುರಾಕು ತಾರತಮ್ಯ ಇನ್ನೂ ಉಳಿದಿದೆಯೆಂದು ಒಪ್ಪಿಕೊಂಡ 2016ರ ಕಾಯಿದೆ ವಸ್ತುಸ್ಥಿತಿಯ ಸಮೀಕ್ಷೆಯನ್ನು ವಿಧಿಸಿತು. ಆ ಸಮೀಕ್ಷೆಯಿಂದಲೇ ಹೊಸ ತಾರತಮ್ಯ ಹುಟ್ಟದಂತೆ ಎಚ್ಚರ ವಹಿಸಬೇಕೆಂಬ ನಿರ್ಣಯವನ್ನೂ ಸಂಸತ್ತಿನ ಸಮಿತಿ ಅದರೊಡನೆ ಸೇರಿಸಬೇಕಾಯಿತು.