ಕಾದಂಬರಿಯ ಇಂದ್ರಾಯುಧವೂ ರೂಪಾಂತರದ ಏಕಾಕಿತ್ವವೂ

ಮನುಷ್ಯನು ಮೃಗಪಕ್ಷಿಗಳ ರೂಪವನ್ನು ಹೊಂದುವ ಕಥೆಗಳ ಪ್ರಸ್ತಾಪ ಬಂದಾಗ ಈಗಿನ ವಿಮರ್ಶಕರು ಫ್ರಾನ್ಸ್ ಕಾಫ್ಕನು ೧೯೧೫ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ‘ರೂಪಾಂತರ’ವನ್ನು ಮೊದಲು ಸ್ಮರಿಸುವರು, ಫ್ರಾನ್ಸ್ ರೋ ಎಂಬ ಕಲಾವಿಮರ್ಶಕನು ೧೯೨೫ರಲ್ಲಿ ಚಿತ್ರಕಲೆಯ ವಿಷಯವಾಗಿ ಬಳಸಿದ ‘ಮಾಂತ್ರಿಕ ವಾಸ್ತವತೆ’ಯೆಂಬ ಹೆಸರನ್ನೂ ಅದಕ್ಕೆ ಜೋಡಿಸುವರು. ಆ ಕಥೆಯಲ್ಲಿ ಗ್ರೆಗೊರ್ ಸಂಸನು ಒಂದು ಬೆಳಗ್ಗೆ ಹುಳುವಾಗಿ ಏಳುತ್ತಾನೆ. ಬುದ್ಧಿಯು ಮನುಷ್ಯನದೇ, ಮಾತು ಮಾತ್ರ ಮನೆಯವರಿಗೆ ತಿಳಿಯದು. ಅವನ ಪರಕೀಯಭಾವಕ್ಕೆ ಇದೇ ಮೂಲವು.

ಬಾಣಭಟ್ಟನ ಕಾದಂಬರಿಯಲ್ಲಿ ಇದಕ್ಕೆ ಸಮಾನವಾದುದನ್ನು ಹುಡುಕಿದರೆ ಶೂದ್ರಕನ ಆಸ್ಥಾನದ ಗಿಳಿಯೇ ಮೊದಲು ನೆನಪಿಗೆ ಬರುವುದು. ಆದರೆ ಗಿಳಿಗೆ ವಾಕ್ಕುಂಟು. ಜಾಬಾಲಿಯು ಹೇಳುವವರೆಗೆ ಪೂರ್ವಸ್ಮೃತಿಯಿಲ್ಲ. ಸಂಸನ ಸ್ಥಿತಿಯು ಇದಕ್ಕೆ ವಿಪರೀತವಾದುದು. ಅವನಿಗೆ ನಿಜವಾಗಿ ಸಮನಾದುದು ಚಂದ್ರಾಪೀಡನ ಕುದುರೆಯಾದ ಇಂದ್ರಾಯುಧವೆಂದು ನಮ್ಮ ಅಭಿಪ್ರಾಯ.

ಮೃತನಾದ ಪುಂಡರೀಕನ ದೇಹವನ್ನು ಚಂದ್ರನು ಒಯ್ದಾಗ ಹಿಂಬಾಲಿಸಿದ ಮಿತ್ರ ಕಪಿಂಜಲನು, ಸಂಗತಿಯನ್ನರಿತು ಧಾವಿಸಿ ಬರುತ್ತ ಒಬ್ಬ ವೈಮಾನಿಕನನ್ನು ದಾಟಿ, ಅವನ ಶಾಪದಿಂದ ಕುದುರೆಯಾದನು. ಆಗಲೂ ಸ್ಮೃತಿಯು ಅಳಿಯಲಿಲ್ಲವೆಂದೂ ಕಿನ್ನರಮಿಥುನದ ಬೆನ್ನಟ್ಟಿ ರಾಜಪುತ್ರನನ್ನು ಅಚ್ಛೋದಕ್ಕೆ ತಂದವನು ತಾನೇ ಎಂದೂ ಉತ್ತರಭಾಗದಲ್ಲಿ ಅವನೇ ಹೇಳುತ್ತಾನೆ. ಹಾಗಾದರೆ, ಮಹಾಶ್ವೇತೆಯು ಪುಂಡರೀಕನಿಗಾಗಿ ಕಣ್ಣೀರಿಡುತ್ತ ತನ್ನ ಕಥೆಯನ್ನು ಹೇಳಿದಾಗ, ಅವನು ವೈಶಂಪಾಯನನಾಗಿ ಹುಟ್ಟಿ ಬದುಕಿರುವುದನ್ನು ಬಲ್ಲ ಜೀವಿಯೊಂದು ಸಮೀಪದಲ್ಲೇ ಇದ್ದಿತು. ಹೇಳಲು ಅದಕ್ಕೆ ಮಾತಿರಲಿಲ್ಲ. ತಿಳಿಯದವಳಾಗಿ ಆಕೆಯೇ ಮುಂದೆ ವೈಶಂಪಾಯನನನ್ನು ಗಿಳಿಯಾಗೆಂದು ಶಪಿಸಿದಳು.

೭ನೆಯ ಶತಮಾನದ ಬಾಣನು ಪೂರ್ವಭಾಗದಲ್ಲಿ ಈ ಗುಟ್ಟನ್ನು ಬಿಚ್ಚುವುದಿಲ್ಲ. ಕಡಿವಾಣದ ಚಿನ್ನದ ಬಳೆಗಳನ್ನು ಇಕ್ಕೆಲದಲ್ಲಿ ಹಿಡಿದ ಇಬ್ಬರು ಆಳುಗಳು ಹೆಜ್ಜೆಹೆಜ್ಜೆಗೂ ಸೆಳೆದು ತಡೆಯುವ ನಿಜವಾದ ಕುದುರೆಯನ್ನೇ ಅವನು ಕಣ್ಣಮುಂದೆ ನಿಲ್ಲಿಸುವನು. ಚಂದ್ರಾಪೀಡನೊಬ್ಬನು ಮಾತ್ರ ಇದು ಶಾಪಗ್ರಸ್ತನಾದ ಯಾವನೋ ಮಹಾತ್ಮನಿರಬಹುದೆಂದು ಶಂಕಿಸಿ, ಏರುವ ಮುನ್ನ ಮನಸ್ಸಿನಲ್ಲಿಯೇ ಕ್ಷಮೆ ಬೇಡುತ್ತಾನೆ. ತಂದೆಯು ಬಿತ್ತಿದ ಈ ಸೂಚನೆಯನ್ನು ಗ್ರಂಥವನ್ನು ಪೂರೈಸಿದ ಮಗನು ಫಲಕ್ಕೆ ತಂದನು. ನಾಗವರ್ಮನು ಎರಡು ಭಾಗಗಳನ್ನೂ ಕನ್ನಡದಲ್ಲಿ ಚಂಪುವಾಗಿಸಿದನು.

ಅಪರಿಚಿತನಾದ ರಾಜಪುತ್ರನು ಕುದುರೆಯೊಳಗೆ ಪುರುಷನನ್ನು ಊಹಿಸಿದನು. ಸಂಸನ ಒಡಹುಟ್ಟಿದ ತಂಗಿಯೇ ಕಡೆಗೆ ಹುಳುವು ತನ್ನ ಅಣ್ಣನಲ್ಲವೆಂದಳು. ಎರಡು ಕಥೆಗಳ ಅಂತರವು ಇಲ್ಲಿದೆ. ಆದರೂ ಶಾಪಕ್ಕೆ ಅವಧಿಯುಂಟೆಂದು ನಾವು ಸುಲಭವಾಗಿ ಸಮಾಧಾನಪಡತಕ್ಕುದಲ್ಲ. ಆ ಅವಧಿಯು ಸವಾರನ ಮರಣವೇ ಆಗಿದ್ದಿತು. ಚಂದ್ರಾಪೀಡನು ಅಸುನೀಗಿದ ಮೇಲೆಯೇ ಕುದುರೆಯು ಅಚ್ಛೋದಕ್ಕೆ ಧುಮುಕಿ, ಕಪಿಂಜಲನು ಮೇಲೆದ್ದು ಬಾಯ್ದೆರೆದನು.