ನೀರು ಕುಡಿಯುತ್ತಿದ್ದ ಮೋಟಾರು ಗಾಡಿ

1888ರ ಆಗಸ್ಟ್ ತಿಂಗಳು. ಜರ್ಮನಿಯ ಬೆರ್ತಾ ಬೆಂಜ್ ಇಬ್ಬರು ಗಂಡುಮಕ್ಕಳೊಂದಿಗೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟರು. ಗಾಡಿ ಪತಿ ಕಾರ್ಲ್ ಬೆಂಜ್ ಕಟ್ಟಿದ್ದು, ಮೂರು ಚಕ್ರದ್ದು. ಪತಿಗೆ ಹೇಳಿರಲಿಲ್ಲ! ದೂರ ನೂರು ಕಿ.ಮೀ.ಗೂ ಹೆಚ್ಚು.

ಆ ಗಾಡಿಗೆ ಇಂದಿನಂಥ ರೇಡಿಯೇಟರ್ ಇರಲಿಲ್ಲ. ಎಂಜಿನ್ನಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುವಾಗ ಬಿಸಿಯನ್ನೂ ಒಯ್ಯುತ್ತಿತ್ತು. (ಮಕ್ಕಳೇ, ನಿಮ್ಮ ವಿಜ್ಞಾನ ಪಾಠದ ಆವೀಕರಣವೇ ಇದು.) ನೀರು ಬತ್ತಿದರೆ ಎಂಜಿನ್ ಕೆಟ್ಟಂತೆಯೇ. ಹಾಗಾಗಿ ದಾರಿಯುದ್ದಕ್ಕೂ ನೀರು ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಿಸಿಕೊಂಡೇ ಹೋದರು. ಕಾರು ಕಂಡುಹಿಡಿದವರು ಯಾರೆಂದು ಪರೀಕ್ಷೆಯಲ್ಲಿ ಕೇಳುತ್ತೇವೆ. ಅದಕ್ಕೆ ನೀರುಣಿಸಿ ಓಡಿಸಿ ತೋರಿಸಿದ ಈ ತಾಯಿಯನ್ನು ಕೇಳುವುದಿಲ್ಲ.

1901ರ ಮರ್ಸಿಡಿಸ್ ಕಾರಿಗೆ ವಿಲ್‌ಹೆಲ್ಮ್ ಮೈಬಾಖ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದರು. ಗಾಳಿ ಹಾಯಲು 8,000ಕ್ಕೂ ಹೆಚ್ಚು ಸಣ್ಣ ಕೊಳವೆಗಳು! ಅದೇ ನೀರು ತಣಿದು ಮತ್ತೆ ಎಂಜಿನ್ನಿಗೆ ಬರುತ್ತಿತ್ತು. 9 ಲೀಟರ್ ಸಾಕಾಯಿತು.